ಮೋಡದೆಮ್ಮೆಯ ಪಾಲು

ಇವತ್ತು ಬೆಳಿಗ್ಗೆ ಒಲೆಯ ಮೇಲಿನ ಹಾಲು ತಳ ಹಿಡಿಯಿತು. ಆ ಸೀದ ವಾಸನೆಗೆ ಸೌಟು ಹಿಡಿದ ಕೈ ಹಾಗೆಯೇ ನಿಂತಿತು. ಅಕ್ಕ ನೆನಪಾದಳು...

ನಾವು ಆಗ ಮಣ್ಣಗುಡ್ಡದಲ್ಲಿದ್ದೆವು. ಅಪ್ಪ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರು. ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕನ ತಲೆಯೊಳಗೆ ಒಂದು ಲೋಕವೇ ಇತ್ತು. ಯಾವ ಪುರಾಣದಲ್ಲೂ ಇಲ್ಲದವರು ಅಲ್ಲಿ ವಾಸವಾಗಿದ್ದರು: ಏಡಿಯರಸ, ಲಂಗರಭೂತ, ಬೆವರಿ ಬೆವರಿ ಕಡಲನ್ನೇ ಉಪ್ಪು ಮಾಡಿದ ಉಪ್ಪಜ್ಜಿ, ಕೆಚ್ಚಲು ಬಿಗಿದಾಗ ಮಳೆ ಸುರಿಸುವ ಮೋಡದೆಮ್ಮೆ. ಕತೆ ಮುಗಿದ ಮೇಲೆ ಒಗಟು.

“ಏಡಿಯರಸನಿಗೆ ಇಕ್ಕುಳ ಹೇಗೋ, ಲಂಗರಭೂತಕ್ಕೆ ಎಂತ?”

“ಕೊಕ್ಕೆ!”

“ಹಾಂ. ಹಿಡಿದದ್ದನ್ನು ಎರಡೂ ಬಿಡುವುದಿಲ್ಲ, ನಿನ್ನ ಹಾಗೆ.”

ಆಚೆಮನೆಯ ಹೆಂಗಸು ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ಅವರಿಗೆ ಮಕ್ಕಳಿರಲಿಲ್ಲ. ಅಕ್ಕ ಅರ್ಧ ದಿನ ಅವರ ಅಡಿಗೆಮನೆಯಲ್ಲೇ ಇರುತ್ತಿದ್ದಳು. ಮೋಡದೆಮ್ಮೆ ಹುಟ್ಟಿದ್ದೂ ಅಲ್ಲಿಯೇ, ಅವರು ಹಾಲು ಕಾಸುವಾಗ, ಅವರದೇ ಮಾತಿನಲ್ಲಿ.

ಒಂದು ದಿನ ಕೊಡಿಯಾಲ್‌ಬೈಲಿನ ಹೆಣ್ಣುಮಕ್ಕಳ ಶಾಲೆಯೊಂದರ ಟೀಚರಮ್ಮ ಮನೆಗೆ ಬಂದರು. ಘಟ್ಟದ ಮೇಲಿನವರು, ಕನ್ನಡ ಬಿಟ್ಟರೆ ನಮ್ಮೂರಿನ ಬೇರೆ ಮಾತು ತಿಳಿಯದವರು. ಒಬ್ಬಳಿಗೆ ಜಾಗ ಇದೆ ಎಂದರು. ಯಾರನ್ನು ಕಳಿಸುವುದೆಂದು ಅಪ್ಪನಿಗೆ ತೋಚಲಿಲ್ಲ. ಟೀಚರಮ್ಮ ಅಕ್ಕನ ಕತೆಗಳನ್ನೆಲ್ಲ ಕೇಳಿ ನಕ್ಕು, ಅವಳ ರೀತಿಯಲ್ಲೇ ನಮ್ಮಿಬ್ಬರಿಗೂ ಒಂದು ಒಗಟು ಹಾಕಿದರು.

“ಉಪ್ಪಜ್ಜಿಗೆ ಬೆವರು ಹೇಗೋ, ಮೋಡದೆಮ್ಮೆಗೆ ಏನು?”

“ಪಾಲ್!” ಅಕ್ಕ ಸಂಭ್ರಮದಲ್ಲಿ ಕೂಗಿಬಿಟ್ಟಳು.

“ಪಾಲೇ? ಯಾರ ಪಾಲು?” ಟೀಚರಮ್ಮ ಹುಬ್ಬೇರಿಸಿದರು.

ಬ್ಯಾರಿ ಮಾತಿನಲ್ಲಿ ಪಾಲ್ ಎಂದರೆ ಹಾಲು. ನನಗೆ ಗೊತ್ತಿತ್ತು. ಆ ಮನೆಯಲ್ಲಿ ಎಷ್ಟೋ ಸಲ ಕೇಳಿ ಕುಡಿದಿದ್ದೆ. ಆದರೆ ಶಾಲೆಯ ಹುಡುಗಿಯರ ಕೆಂಪು ರಿಬ್ಬನ್ನು ನನಗೂ ಬೇಕಿತ್ತು.

“ಹಾಲು ಟೀಚರ್, ಹಾಲು! ಅವಳಿಗೆ ಕನ್ನಡ ಸರಿ ಬರುವುದಿಲ್ಲ,” ಎಂದೆ.

ಅಕ್ಕ ನನ್ನ ಮುಖ ನೋಡಿದಳು. “ಚಿಕ್ಕವಳೇ ಚುರುಕು,” ಎಂದರು ಟೀಚರಮ್ಮ.

ಶಾಲೆಗೆ ಹೊರಟ ದಿನ ಅಕ್ಕನೇ ನನ್ನ ಜಡೆ ಹೆಣೆದಳು. “ಎರಡೂ ಸರಿಯೇ ಮಾರಾಯ್ತಿ. ಮೋಡದೆಮ್ಮೆ ಕೊಡುವುದು ಎಲ್ಲರ ಪಾಲಲ್ವಾ?” ಬೈದಿದ್ದರೆ ಚೆನ್ನಾಗಿತ್ತು.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟೆ. ಲೆಕ್ಕ ತಲೆಗೆ ಹತ್ತಲಿಲ್ಲ. ಅಕ್ಕ ಗೇರುಬೀಜದ ಕಾರ್ಖಾನೆ ಸೇರಿದಳು. ಆದರೂ ಸಂಜೆಯಾದರೆ ಅವಳ ಜಗಲಿ ತುಂಬ ಕೇರಿಯ ಮಕ್ಕಳು. ತುಳುವಿನಲ್ಲಿ ಹೇಳಲಿ, ಕೊಂಕಣಿಯಲ್ಲಿ ಹೇಳಲಿ, ಸರಿಯಾದ ಉತ್ತರವನ್ನು ಅವಳು ಒಮ್ಮೆಯೂ ತಪ್ಪೆನ್ನಲಿಲ್ಲ.

ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ನನಗೆ ಅವತ್ತು ‘ಪಾಲ್’ ಶಬ್ದ ಗೊತ್ತಿತ್ತೆಂದು ಅವಳ ಎದುರು ಒಪ್ಪಿಕೊಳ್ಳಲೇ ಇಲ್ಲ. ಇನ್ನು ಯಾರ ಎದುರು...

ಅಷ್ಟರಲ್ಲಿ ಅದೇ ಶಾಲೆಗೆ ಹೋಗುವ ನನ್ನ ಮಗಳು ಅಡಿಗೆಮನೆಗೆ ಬಂದಳು. “ಅಮ್ಮಾ, ಇವತ್ತು ಕ್ಲಾಸಿನಲ್ಲಿ ದೊಡ್ಡಮ್ಮನ ಒಗಟು ಹೇಳ್ತೇನೆ. ಮೋಡದೆಮ್ಮೆಯದ್ದು.”

ಪಾತ್ರೆ ಕೆಳಗಿಟ್ಟು ಅವಳಿಗೆ ಎಲ್ಲವನ್ನೂ ಹೇಳಿದೆ.

“ಹಾಗಾದ್ರೆ ಶಾಲೆಯ ಆ ಜಾಗ ದೊಡ್ಡಮ್ಮನದ್ದು.”

“ಹೌದು.”

“ಕ್ಲಾಸಿನಲ್ಲಿ ಅದನ್ನೂ ಹೇಳ್ಲಿಕ್ಕೆ ಉಂಟಾ?”

“ಉಂಟು,” ಎಂದೆ. “ಮೊದಲು ಅದನ್ನೇ ಹೇಳು.”