ಬೊಕ್‌ಹೀ ಬರೆದ ಕೈಗಳು

ಮೊಕ್ಪೊ ಬಂದರಿನ ಮೇಲಿನ ಗುಡ್ಡದ ಓಣಿಯ ಆ ಮನೆಯಲ್ಲಿ ಬೊಕ್‌ಹೀಗೆ ಚಿತ್ರ ಬರೆಯಲು ಸಿಕ್ಕಿದ್ದು ಅಡುಗೆಮನೆಯ ಒಂದು ಮೂಲೆ, ಅದೂ ಎಲ್ಲರ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ. ಮದುವೆಗೆ ಮುಂಚೆ ಅವಳು ಸೋದರಮಾವನ ಅಂಗಡಿಯಲ್ಲಿ ಸಿನಿಮಾ ಬೋರ್ಡುಗಳಿಗೆ ಬಣ್ಣ ಹಚ್ಚುತ್ತಿದ್ದವಳು. ನಾಯಕಿಯರ ಕೆನ್ನೆ, ತುಟಿ ಯಾವಾಗಲೂ ಅವಳ ಪಾಲಿಗೆ. ಇಪ್ಪತ್ತಮೂರಕ್ಕೆ ಸಂಗ್‌ದೊಕ್‌ನನ್ನು ಮದುವೆಯಾದಳು. ಅವನು ದ್ವೀಪಗಳಿಗೆ ಹೋಗುವ ಹಡಗಿನ ಇಂಜಿನ್ ನೋಡಿಕೊಳ್ಳುವವನು. ವಾರದಲ್ಲಿ ಮೂರು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನಗಳಲ್ಲಿ ಮನೆಯೆಂದರೆ ಅತ್ತೆ. ಗಂಡ ಸತ್ತ ಮೇಲೆ ಮೀನು ಮಾರಿ ಮೂರು ಮಕ್ಕಳನ್ನು ಸಾಕಿದ ಹೆಂಗಸು ಅವರು. ಮನೆಯ ಒಂದೊಂದು ಚಮಚವೂ ತನ್ನದೆಂಬ ಗತ್ತು ಅವರಿಗಿತ್ತು.

ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನ ಮೇಲೆ ಬೊಕ್‌ಹೀ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯುತ್ತಿದ್ದಳು. ಸೀಳಿಟ್ಟ ಎಲೆಕೋಸು, ಹಲಗೆಯ ಮೇಲಿನ ಮೀನಿನ ಕಣ್ಣು, ಹೊಸ್ತಿಲಲ್ಲಿ ಮಗುಚಿ ಬಿದ್ದ ರಬ್ಬರ್ ಚಪ್ಪಲಿ. ಹೊರಗೆ ಹೋಗಿ ಸಮುದ್ರ ನೋಡುವ ಪುರುಸೊತ್ತು ಅವಳಿಗೆಲ್ಲಿಯದು? ಆ ಹಾಳೆಗಳನ್ನೇ ಅತ್ತೆ ಅಂಗಳದಲ್ಲಿ ಹಾಸಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ಚಿತ್ರದ ಮಗ್ಗುಲು ಮೇಲೆಯೇ ಇರುತ್ತಿತ್ತು.

"ಏ ಇನ್‌ಸುಕ್ ಅಮ್ಮ, ಮೂಲಂಗಿ ಬರೆದ್ರೆ ಯಾರ ಹೊಟ್ಟೆ ತುಂಬುತ್ತೆ? ಉಪ್ಪು ಹಚ್ಚು, ಚಳಿಗಾಲಕ್ಕಾದ್ರೂ ಆಗುತ್ತೆ" ಎನ್ನುವರು ಅತ್ತೆ, ಸೊಸೆಯನ್ನು ಮೊಮ್ಮಗಳ ಹೆಸರು ಹಿಡಿದು ಕರೆಯುತ್ತ. ಚಳಿಗಾಲದ ಉಪ್ಪಿನಕಾಯಿ ಕಿಮ್ಚಿ ಹಾಕಲು ಬಂದ ಓಣಿಯ ಹೆಂಗಸರು ನಗುವರು. ಬೊಕ್‌ಹೀಯೂ ನಗುವಳು.

ಮಗಳು ಇನ್‌ಸುಕ್‌ಗೆ ನಾಲ್ಕು ತುಂಬಿದ ವರ್ಷ, ಬೊಕ್‌ಹೀ ಒಳ್ಳೆಯ ಹಾಳೆಗಳನ್ನೆಲ್ಲ ಆರಿಸಿ ಎರಡು ದಪ್ಪ ಪುಸ್ತಕಗಳಿಗೆ ಅಂಟಿಸಿದಳು. ಒಂದು ಬೆಳಿಗ್ಗೆ ಮಾರುಕಟ್ಟೆಯಿಂದ ಬಂದು ನೋಡುತ್ತಾಳೆ, ಅತ್ತೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಾಳೆ ಹರಿದು ಒಳಗೆ ತಳ್ಳುತ್ತಿದ್ದಾರೆ. ಇದ್ದಿಲ ಬಿಲ್ಲೆ ಹೊತ್ತಿಕೊಂಡಿರಲಿಲ್ಲವಂತೆ. ಎರಡನೆಯ ಪುಸ್ತಕದ ರಟ್ಟು ಮಾತ್ರ ಉಳಿದಿತ್ತು.

"ದಪ್ಪ ಕಾಗದ, ಚೆನ್ನಾಗಿ ಉರೀತು" ಎಂದರು ಅತ್ತೆ.

ಬೊಕ್‌ಹೀ ಅಳಲಿಲ್ಲ, ಜಗಳವಾಡಲಿಲ್ಲ. ಆ ಕೈಗಳನ್ನೇ ನೋಡುತ್ತ ನಿಂತಳು. ಉಪ್ಪುನೀರಿಗೆ ಬಿರಿದ ಗೆಣ್ಣುಗಳು, ಮೀನಿನ ಮುಳ್ಳು ಹೊಕ್ಕು ಅಡ್ಡ ಬೆಳೆದ ಬಲ ಹೆಬ್ಬೆರಳಿನ ಉಗುರು. ಮಧ್ಯಾಹ್ನ ಅಕ್ಕಿ ಚೀಲದ ಕಾಗದ ಕತ್ತರಿಸಿಕೊಂಡು ಅವನ್ನೇ ಬರೆದಳು. ಅಷ್ಟು ನಿಖರವಾಗಿ ಅವಳ ಕುಂಚ ಹಿಂದೆಂದೂ ನಡೆದಿರಲಿಲ್ಲ.

ಅಲ್ಲಿಂದ ಹದಿನೆಂಟು ವರ್ಷ ಅವಳು ಬರೆದದ್ದು ಆ ಕೈಗಳನ್ನೇ. ಒಣಮೀನಿನ ತಲೆ ಚಿವುಟುವ ಕೈ, ಇಸ್ಪೀಟೆಲೆಯನ್ನು ನೆಲಕ್ಕೆ ಬಡಿಯುವ ಕೈ, ತನ್ನ ಬಟ್ಟಲಿನ ಮಾಂಸದ ತುಂಡನ್ನು ಎತ್ತಿ ಮಗನ ಬಟ್ಟಲಿಗೆ ಹಾಕುವ ಕೈ. ಒಳಗೆ ಕುದಿಯುವಾಗೆಲ್ಲ ಕಣ್ಣು ಚೂಪಾಗುತ್ತಿತ್ತು. ಅತ್ತೆ ಚುಚ್ಚಿ ಮಾತಾಡಿದ ದಿನ ಒಳ್ಳೆಯ ಚಿತ್ರ ಬರುತ್ತಿತ್ತು. ಮಾತಾಡದ ದಿನ ಅವಳೇ ಏನಾದರೊಂದು ನೆನಪಿಸಿಕೊಳ್ಳುತ್ತಿದ್ದಳು. ಮುಗಿದ ಚಿತ್ರಗಳನ್ನು ಹಾಸಿಗೆ ಬಟ್ಟೆಗಳ ಕೆಳಗೆ ಬಚ್ಚಿಡುತ್ತಿದ್ದಳು.

ಗ್ವಾಂಗ್ಜು ನಗರದ ಚಿತ್ರ ಪ್ರದರ್ಶನವೊಂದಕ್ಕೆ ಒಂದನ್ನು ಕಳಿಸಿದವಳು ಇನ್‌ಸುಕ್, ಅಮ್ಮನಿಗೆ ಹೇಳದೆ. ಅದಕ್ಕೆ ಮೊದಲ ಬಹುಮಾನ ಬಂತು. ಚಿತ್ರದ ಹಿಂದೆ ಬೊಕ್‌ಹೀ "ಪುಸ್ತಕ ಸುಟ್ಟ ಕೈ" ಎಂದು ಬರೆದಿದ್ದಳು. ಜನರಿಗೆ ಅರ್ಥವಾಗುವುದಿಲ್ಲ ಎಂದು ಪ್ರದರ್ಶನದವರು ಅದನ್ನು "ತಾಯಿ" ಎಂದು ಬದಲಿಸಿದ್ದರು. ನೋಡಲು ಬಂದ ನಡುವಯಸ್ಸಿನ ಗಂಡಸರು ಆ ಚಿತ್ರದ ಮುಂದೆ ನಿಂತು ಕಣ್ಣೊರೆಸಿಕೊಂಡರು. ಅವು ಅತ್ತೆಯ ಕೈಗಳೆಂದು ತಿಳಿದು, ಇಂಥ ಸೊಸೆಯೂ ಇದ್ದಾಳಲ್ಲ ಎಂದರು.

ಪತ್ರಿಕೆಯ ಹುಡುಗಿಯೊಬ್ಬಳು ಫೋಟೊದವನನ್ನು ಕರೆದುಕೊಂಡು ಮನೆಗೇ ಬಂದಳು. ಮನೆಯೊಳಗಿನ ಸಾಮಾನ್ಯ ಬದುಕಿನಿಂದ ಇಷ್ಟು ದೊಡ್ಡ ಸ್ಫೂರ್ತಿ ಹೇಗೆ ಬಂತು ಎಂದು ಕೇಳಿದಳು. ಬೊಕ್‌ಹೀ ಬಾಯಿ ತೆರೆಯುವ ಮುಂಚೆಯೇ ಅತ್ತೆ, ಹೊಸ ರೇಷ್ಮೆ ಅಂಗಿ ತೊಟ್ಟು ಕೂತಿದ್ದವರು, ಶುರು ಮಾಡಿದರು.

"ನಾನೇ ಅಲ್ವಾ ಹಿಂದೆ ಬಿದ್ದು ಬರೆಸಿದ್ದು. ಬೇರೆ ಸೊಸೆಯಂದ್ರು ಓಣಿ ಸುತ್ತಕ್ಕೆ ಹೋಗೋರು, ಇವಳನ್ನ ಕೂರಿಸ್ತಿದ್ದೆ. ಕೂತ್ಕೋ, ಬರಿ ಅಂತ. ಅಡುಗೆ ನಾನು ನೋಡ್ಕೋತಿದ್ದೆ."

ಹುಡುಗಿ ಬೊಕ್‌ಹೀಯತ್ತ ತಿರುಗಿ, ನಿಜವೇ ಎಂದಳು. ಗೋಡೆಗೊರಗಿ ಕೂತಿದ್ದ ಸಂಗ್‌ದೊಕ್ ಹೆಂಡತಿಯ ಮುಖ ನೋಡಿದ. ಬೊಕ್‌ಹೀ ಹೌದೆಂದು ತಲೆಯಾಡಿಸಿ ಬಾರ್ಲಿ ಚಹಾ ಬಗ್ಗಿಸಿದಳು. ಅತ್ತೆ ಎರಡೂ ಅಂಗೈ ಚಾಚಿ ಫೋಟೊಗೆ ಒಡ್ಡಿದರು.

ಬಂದವರು ಹೋದ ಮೇಲೆ, ಹದಿನೆಂಟು ವರ್ಷ ಕೇಳದಿದ್ದುದನ್ನು ಅವಳು ಕೇಳಿಯೇಬಿಟ್ಟಳು.

"ಅತ್ತೆ, ನನ್ನ ಎರಡು ಪುಸ್ತಕ ಒಲೆಗೆ ಹಾಕಿದ್ರಲ್ಲ, ನೆನಪಿದೆಯಾ?"

"ಯಾವ ಪುಸ್ತಕ?" ಎಂದರು ಅವರು, ಅಂಗಿ ಬಿಚ್ಚಿ ಮಡಿಸುತ್ತ. "ಒಲೆಗೆ ಏನೇನೋ ಹಾಕಿದೀನಮ್ಮ. ಅದನ್ನೆಲ್ಲ ಯಾರು ನೆನಪಿಟ್ಕೋತಾರೆ?"

ಸುಳ್ಳಾಗಿದ್ದರೆ ಬೊಕ್‌ಹೀ ತಾಳಿಕೊಳ್ಳುತ್ತಿದ್ದಳು. ಅತ್ತೆಯ ಮುಖದಲ್ಲಿ ಸುಳ್ಳಿರಲಿಲ್ಲ. ಅವರು ನಿಜಕ್ಕೂ ಮರೆತಿದ್ದರು. ಅಷ್ಟೂ ವರ್ಷ ಆ ಹಗೆಯನ್ನು ಅವಳೊಬ್ಬಳೇ ಸಾಕಿಕೊಂಡು ಬಂದಿದ್ದಳು.

ಎರಡು ವರ್ಷದ ನಂತರ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು. ಬೊಕ್‌ಹೀ ಅನ್ನದ ಗಂಜಿ ಉಣಿಸಿದಳು, ಮೈ ಒರೆಸಿದಳು, ಉಗುರು ಕತ್ತರಿಸಿದಳು. ಅಡ್ಡ ಉಗುರನ್ನು ಕತ್ತರಿಸುವಾಗ ಎಲ್ಲಿ ಒತ್ತಿದರೆ ನೋಯುತ್ತದೆಂದು ಅವಳಿಗೆ ಗೊತ್ತಿತ್ತು. ಒಂದು ದಿನ ಒತ್ತಿಯೂ ನೋಡಿದಳು. ಅವರಿಗೆ ಏನೂ ತಿಳಿಯಲಿಲ್ಲ. ವಸಂತದಲ್ಲಿ ತೀರಿಕೊಂಡರು. ಸಾವಿಗೆ ಬಂದವರೆಲ್ಲ ಪತ್ರಿಕೆಯ ಆ ಫೋಟೊ ನೆನೆದು ಬೊಕ್‌ಹೀಯ ಭುಜ ಹಿಡಿದು ಅತ್ತರು.

ಆಮೇಲೆ ಅತ್ತೆಯ ಕೋಣೆ ಅವಳದಾಯಿತು. ದೊಡ್ಡ ಕಿಟಕಿ, ಅದರಾಚೆ ಬಂದರು, ಬೇಕಾದಷ್ಟು ಹೊತ್ತು. ಸಮುದ್ರ ಬರೆದಳು, ನೀಲಿಯಾಗಿ ಸುಮ್ಮನೆ ಬಿದ್ದುಕೊಂಡಿತು. ಹಣ್ಣು ಬರೆದಳು, ಅಂಗಡಿ ಬೋರ್ಡಿನ ಹಣ್ಣಿನಂತೆ ಬಂತು. ಚಿತ್ರ ಕೊಳ್ಳುವವರಿಗೆ ಬೇಕಾದದ್ದೂ ಕೈಗಳೇ. ನೆನಪಿನಿಂದ ಬರೆದುಕೊಟ್ಟಳು. ಬರೆದಷ್ಟೂ ಅವು ಮೆತ್ತಗಾದವು, ದುಂಡಗಾದವು, ಮಗುವನ್ನು ತಟ್ಟಿ ಮಲಗಿಸುವ ಕೈಗಳಾದವು. ಅಂಥವೇ ಹೆಚ್ಚು ಬಿಕರಿಯಾದವು.

ಒಂದು ಮಧ್ಯಾಹ್ನ, ಕೆಲಸದಿಂದ ನಿವೃತ್ತನಾಗಿ ಮನೆಯಲ್ಲೇ ಇದ್ದ ಸಂಗ್‌ದೊಕ್, ಸಮುದ್ರ ಪಾಚಿಯ ಸಾರು ಕುಡಿಯುತ್ತ ಗೋಡೆಗೆ ಒರಗಿಸಿಟ್ಟ ಹೊಸ ಚಿತ್ರ ನೋಡಿದ.

"ಅಮ್ಮನ ಥರಾನೇ ಇದೆ" ಎಂದ.

"ಇಲ್ಲ. ನಿಮ್ಮಮ್ಮ ಇಷ್ಟು ಒಳ್ಳೆಯವರಾಗಿರಲಿಲ್ಲ."

ಅವನು ಚಮಚ ಕೆಳಗಿಟ್ಟ.

"ಗೊತ್ತು. ಅವತ್ತು ನಿನ್ನ ಪುಸ್ತಕ ಹರೀತಿದ್ದಾಗ ನಾನು ಒಳಗೇ ಇದ್ದೆ. ಹಡಗು ತಡ ಇತ್ತು. ಬೇಡ ಅನ್ನೋಣ ಅಂತ ಎದ್ದೆ. ಆಮೇಲೆ ಚಳಿ ಅಂತ ಮತ್ತೆ ಮಲಗಿದೆ."

ಹೇಳಿ ಹಗುರಾದವನಂತೆ ಬಟ್ಟಲೆತ್ತಿ ಉಳಿದ ಸಾರನ್ನು ಸೊರ್ರೆಂದು ಕುಡಿದ. ಬೊಕ್‌ಹೀ ಅವನಿಗೆ ಮತ್ತೊಂದು ಸೌಟು ಬಡಿಸಿದಳು. ಬಾಗಿ ಕುಡಿಯುತ್ತಿದ್ದವನ ಕತ್ತು ಅವಳ ಕಣ್ಣಿಗೆ ಬಿತ್ತು. ಕಾಲರಿನ ಮೇಲೆ ಎರಡು ಮಡಿಕೆ, ಮಡಿಕೆಯ ನಡುವೆ ಬೆವರಿನ ಒಂದು ಗೆರೆ, ಕಿವಿಯ ಹಿಂದೆ ಇಂಜಿನ್ ಎಣ್ಣೆ ಇಳಿದು, ತೊಳೆದರೂ ಹೋಗದೆ ಉಳಿದ ಕಪ್ಪು ಚುಕ್ಕೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳು ಅದನ್ನು ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಕೈ ತೊಳೆದು ಬಂದು ಕಾಗದ ಹರಡಿದಳು. ಊಟ ಮುಗಿಸಿ ಅಲ್ಲೇ ತೂಕಡಿಸುತ್ತಿದ್ದವನು, ಏನು ಬರೀತಿದೀಯ ಎಂದು ಕೇಳಿದ.

"ನೀವು ಅಲ್ಲಾಡಬೇಡಿ" ಎಂದಳು ಬೊಕ್‌ಹೀ.