ಎಣ್ಣೆ ಕ್ಯಾನಿಗೆ ಹೊಯ್ದ ನೀರು

ಇಕ್ಬಾಲ್, ಆ ಕ್ಯಾನುಗಳಿಗೆ ನೀರು ಹೊಯ್ದವಳು ನಾನು. ನೀನಲ್ಲ, ಹುಬ್ಬಳ್ಳಿಯ ಪಂಪಿನವರಲ್ಲ, ದಾರಿಯಲ್ಲಿ ಸಿಕ್ಕವರು ಯಾರೂ ಅಲ್ಲ. ನಿನ್ನ ಗೆಳೆಯ ಬಸವರಾಜನ ತಾಯಿ, ನಾನು, ಹಿತ್ತಲ ಬಾವಿಯ ನೀರನ್ನು ಕೊಡದಲ್ಲಿ ಹೊತ್ತು ತಂದು ನನ್ನ ಕೈಯಾರೆ ಹೊಯ್ದೆ. ಎರಡು ವರ್ಷ ಆಗುತ್ತ ಬಂತು. ಈ ಎರಡು ವರ್ಷ ಶಿರಸಿಯಲ್ಲಿ ನಿನ್ನನ್ನು ಕಳ್ಳ ಎಂದರು. ನಾನು ಉಂಡೆ, ಮಲಗಿದೆ, ಸುಮ್ಮನಿದ್ದೆ.

ನಾನು ಮೂರನೇ ಇಯತ್ತೆ ಕಲಿತವಳು. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಬಂದಿದ್ದರೂ ಬರೆಯುತ್ತಿರಲಿಲ್ಲ. ಆದರೆ ಮೊದಲಿನಿಂದ ಹೇಳಲೇಬೇಕು — ನಿನಗೇ ಪೂರ್ತಿ ಗೊತ್ತಿಲ್ಲ, ಇದನ್ನು ಕೇಳುವ ಉಳಿದವರಿಗೆ ಎಲ್ಲಿಂದ ಗೊತ್ತಿರಬೇಕು?

ನನ್ನ ಮಗನದೊಂದು ಹಳೆಯ ವ್ಯಾನು. ಬನವಾಸಿ ಕಡೆಯ ಹೊಲಗಳಿಂದ ಅನಾನಸು ತುಂಬಿಕೊಂಡು ಶಿರಸಿಗೆ ತಂದು ಹಾಕುತ್ತಿದ್ದ. ಈಗ ಪಂಪಿನ ಪೆಟ್ರೋಲಿನಲ್ಲೇ ಎಥನಾಲು ಬೆರೆಸಿ ಕೊಡುತ್ತಾರಂತೆ. ಅದು ಹಳೆಯ ಗಾಡಿಗಳ ರಬ್ಬರು ಪೈಪುಗಳನ್ನು ತಿಂದು ಹಾಕುತ್ತದಂತೆ. ಅದಕ್ಕೆ ನೀನು, ಗ್ಯಾರೇಜಿನವನು, ಒಂದು ಉಪಾಯ ಹೇಳಿದೆ: ಅರೆಬರೆ ಬೆರಕೆ ಕುಡಿಸಿ ಕೊಲ್ಲುವ ಬದಲು ಗಾಡಿಯನ್ನು ಪೂರ್ತಿ ಎಥನಾಲಿಗೇ ಹೊಂದಿಸಿಬಿಡೋಣ. ಪೈಪು ಬದಲಿಸಿದೆ, ವಾಷರು ಬದಲಿಸಿದೆ. ಎಥನಾಲು ಪೆಟ್ರೋಲಿಗಿಂತ ಹೆಚ್ಚು ಬೇಕಾಗುತ್ತದೆಂದು ಕಾರ್ಬ್ಯುರೇಟರಿನ ಜೆಟ್ಟಿನ ತೂತು ದೊಡ್ಡದು ಮಾಡಿದೆ. ತಿಂಗಳುಗಟ್ಟಲೆ ಅದಕ್ಕೇ ತಲೆ ಕೊಟ್ಟು ಕುಳಿತೆ. ಹುಬ್ಬಳ್ಳಿಯ ಪಂಪಿನಿಂದ, ಚೂರೇ ಪೆಟ್ರೋಲು ಸೇರಿದ ಎಥನಾಲನ್ನು ಎರಡು ಕ್ಯಾನು ತಂದುಕೊಟ್ಟೆ. ಇದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ಆಗ ನೀವಿಬ್ಬರೂ ನನಗೆ ಒಂದು ಮಾತೂ ಹೇಳಲಿಲ್ಲ.

ಹೇಳದಿದ್ದಕ್ಕೂ ಕಾರಣವಿತ್ತು. ಎಥನಾಲು ಅಂದರೆ ಸರಾಯಿಯ ಜೀವವೇ. ಹೆಸರು ಕೇಳಿದರೆ ಯವ್ವ ಮನೆ ಹಾರಿ ಹೋಗುವ ಹಾಗೆ ಕೂಗುತ್ತಾಳೆಂದು ಬಸವರಾಜನ ಹೆದರಿಕೆ. ಅದೇನು ಸುಳ್ಳಲ್ಲ. ಅವನಪ್ಪ ಕುಡಿದೇ ಹೋದ.

ಒಂದು ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಮಗ ಅಂಗಳದಲ್ಲಿ ಫೋನು ಹಿಡಿದಿದ್ದ. ದನಿ ತಗ್ಗಿಸಿ ಮಾತಾಡುತ್ತಿದ್ದ — ದನಿ ತಗ್ಗಿಸಿದರೆ ನನ್ನ ಕಿವಿ ನೆಟ್ಟಗಾಗುತ್ತದೆ.

"ಇಕ್ಬಾಲ್, ನೀ ಕೊಟ್ಟು ಹೋದ ಎಣ್ಣಿ ಶೆಡ್ಡಿನಾಗ ಮುಚ್ಚಿಟ್ಟೀನಿ. ನಾಳೆ ಹುಡುಗ್ರೆಲ್ಲಾ ಬರ್ತಾರ. ಯವ್ವಗ ಮಾತ್ರ ಹೇಳಬ್ಯಾಡಪಾ."

ಎಣ್ಣೆ! ನಮ್ಮಲ್ಲಿ ಗಾಡಿಗೆ ಹಾಕುವುದೂ ಎಣ್ಣೆ, ಗಂಡಸರು ಗಂಟಲಿಗೆ ಸುರಿದುಕೊಳ್ಳುವುದೂ ಎಣ್ಣೆ. ಮುಚ್ಚಿಟ್ಟದ್ದು ಯಾವ ಎಣ್ಣೆ ಎಂದು ನಾನು ಯೋಚಿಸಲೇ ಇಲ್ಲ. ಮಗ ಹೊರಗೆ ಹೋದ ಮೇಲೆ ಶೆಡ್ಡಿಗೆ ಹೋದೆ. ಗೋಣಿಚೀಲದ ಕೆಳಗೆ ಎರಡು ಕ್ಯಾನು. ಮುಚ್ಚಳ ತೆಗೆದು ಮೂಸಿದೆ. ಪೆಟ್ರೋಲಿನ ವಾಸನೆಯೂ ಒಂಚೂರು ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಆ ಇನ್ನೊಂದು ವಾಸನೆ — ಮೂವತ್ತು ವರ್ಷ ನನ್ನ ಪಕ್ಕದಲ್ಲಿ ಮಲಗಿದ್ದ ವಾಸನೆ ಅದು. ಗುರುತು ಸಿಗದೆ ಇರುತ್ತದೆಯೇ?

ಆಗ ನಾನು ಮಾಡಿದ್ದು ಗಂಡನಿಗೆ ಮಾಡುತ್ತಿದ್ದುದನ್ನೇ. ಅವನ ಬಾಟಲಿಯಿಂದ ದಿನಾ ಬೆಳಿಗ್ಗೆ ಅರ್ಧ ಚೆಲ್ಲಿ ಅಷ್ಟೇ ನೀರು ತುಂಬುತ್ತಿದ್ದೆ. ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. "ಈಗಿನ ಸರಾಯಿನಾಗ ಸತ್ವಾನ ಇಲ್ಲ ನೋಡು" ಎಂದು ನನ್ನ ಮುಂದೆಯೇ ಗೊಣಗುತ್ತಿದ್ದ. ಕೇಳಿ ಹೊಟ್ಟೆಯೊಳಗೇ ನಗುತ್ತಿದ್ದೆ. ನಮ್ಮ ಓಣಿಯ ಹೆಂಗಸರಿಗೆಲ್ಲ ಆ ವಿದ್ಯೆ ಕಲಿಸಿದವಳೂ ನಾನೇ. ಅದೇ ಜಂಬದಲ್ಲಿ ಎರಡೂ ಕ್ಯಾನುಗಳಿಂದ ಅರ್ಧರ್ಧ ತಿಪ್ಪೆಗೆ ಸುರಿದು ನೀರು ತುಂಬಿದೆ. ಒಳಗಿನದು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಸರಾಯಿ ಎಂದೂ ಹಾಗಾದದ್ದಿಲ್ಲ. ಅಲ್ಲಿಯೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಇಲ್ಲಿಯವರೆಗಿನದು ತಿಳಿಗೇಡಿತನ. ಬಯ್ಯಬಹುದು, ನಕ್ಕು ಬಿಡಲೂಬಹುದು. ನಾನು ಹೇಳಬೇಕೆಂದು ಕುಳಿತದ್ದು ಇದನ್ನಲ್ಲ.

ಮಾರನೇ ದಿನ ಬೆಳಿಗ್ಗೆ ನೀನು ಬಂದೆ. ಟೆಂಪೋ ಸ್ಟ್ಯಾಂಡಿನ ನಾಲ್ಕು ಜನ ಡ್ರೈವರುಗಳನ್ನು ಕರೆತಂದಿದ್ದೆ. ವ್ಯಾನು ಸರಿಯಾಗಿ ಓಡಿದರೆ ಅವರೂ ತಮ್ಮ ಗಾಡಿಗಳನ್ನು ನಿನ್ನ ಕೈಗೆ ಕೊಡುವವರಿದ್ದರು. ಹೊಸ ಅಂಗಿ ಹಾಕಿದ್ದೆ. "ಅಮ್ಮಾ, ಇವತ್ತು ಚಾಕ್ಕ ಸಕ್ಕರಿ ಜಾಸ್ತಿ ಹಾಕ್ರಿ" ಎಂದೆ. ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬಂದೆ. ಬಂದರೆ — ಮಗ ಆ ಕ್ಯಾನು ಎತ್ತಿ ವ್ಯಾನಿನ ಟ್ಯಾಂಕಿಗೆ ಸುರಿಯುತ್ತಿದ್ದಾನೆ.

ಆಗ ತಿಳಿಯಿತು. ಆ ಕ್ಷಣಕ್ಕೇ ತಿಳಿಯಿತು, ಇಕ್ಬಾಲ್. "ನಿಲ್ಲಪಾ, ಅದರಾಗ ನಾ ನೀರು ಹಾಕೀನಿ" ಎಂದರೆ ಮುಗಿಯುತ್ತಿತ್ತು. ಬಾಯಿ ತೆರೆದೆ ಕೂಡ. ಆದರೆ ಹಾಗೆಂದರೆ ಯಾಕೆ ಹಾಕಿದೆ ಎಂದೂ ಹೇಳಬೇಕಾಗುತ್ತಿತ್ತು. ಎಂದೂ ಒಂದು ಹನಿ ಮುಟ್ಟದ ಮಗನನ್ನು ಕುಡುಕನೆಂದು ತಿಳಿದೆ, ಕಳ್ಳಿಯ ಹಾಗೆ ಶೆಡ್ಡಿಗೆ ಹೊಕ್ಕೆ ಎಂದು ಆ ಡ್ರೈವರುಗಳ ಎದುರು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅವರು ನಗುತ್ತಿದ್ದರು. ಬರೀ ನಗು! ಒಂದು ನಗೆಗೆ ಅಂಜಿ ನಾನು —

ಚಹಾ ಹಂಚಿದೆ.

ಟ್ಯಾಂಕಿನ ತಳದಲ್ಲಿ ನಿನ್ನ ಗ್ಯಾರೇಜಿನಲ್ಲಿ ಹಾಕಿದ್ದು ಸ್ವಲ್ಪ ಉಳಿದಿತ್ತೋ, ಪೈಪಿನಲ್ಲಿದ್ದುದೋ, ಗಾಡಿ ಚಾಲೂ ಆಯಿತು. ಎಲ್ಲರೂ ಹತ್ತಿ ಹೊರಟಿರಿ. ನಮ್ಮ ಮನೆಯ ಮುಂದಿನ ಏರಿನ ಅರ್ಧಕ್ಕೆ ಕೆಮ್ಮಿತು, ಜಗ್ಗಿತು, ನಿಂತುಬಿಟ್ಟಿತು. ನಾಲ್ಕು ಜನ ಇಳಿದು ತಳ್ಳಿಕೊಂಡು ಬಂದರು. ನೀನು ಪೈಪು ಬಿಚ್ಚಿ, ನಾನೇ ಕೊಟ್ಟ ಚಹಾದ ಗ್ಲಾಸು ತೊಳೆದು, ಅದರಲ್ಲಿ ಒಂದಿಷ್ಟು ಹಿಡಿದು ಬೆಳಕಿಗೆ ಎತ್ತಿದೆ. ಬೆಳ್ಳಗಿತ್ತು.

"ಇದರಾಗ ನೀರು ಕೂಡೈತಿ" ಎಂದೆ.

"ನೀರೇನು ತಾನ ನಡಕೊಂತ ಬಂತೇನೋ?" ಎಂದ ಒಬ್ಬ ಡ್ರೈವರು. "ಅರ್ಧಾ ಮಾರಿಕೊಂಡು ಉಳಿದದ್ದಕ್ಕ ನಳಾ ಹಿಡದ್ಯೋ ಹೆಂಗ?"

ಉಳಿದವರು ಹೋ ಎಂದು ನಕ್ಕರು. ನೀನು ನಗಲಿಲ್ಲ. ನನ್ನ ಕಡೆ ತಿರುಗಿದೆ. ತಾಯಿಯನ್ನು ಕೇಳುವ ಹಾಗೆ ಕೇಳಿದೆ: "ಅಮ್ಮಾ, ನಿನ್ನೆ ಯಾರರ ಈ ಕ್ಯಾನ್ ಮುಟ್ಟಿದ್ರೇನ್ರಿ?"

ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಗೊತ್ತಿಲ್ಲ ಎಂದಿದ್ದರೂ ಪಾಪ ಇಷ್ಟು ದೊಡ್ಡದಾಗುತ್ತಿರಲಿಲ್ಲ. ನಾನು ಅಂದದ್ದು:

"ನಮ್ಮನಿಯಾವ್ರು ಯಾಕ ಮುಟ್ಟತಾರ? ತಂದಾವನ್ನ ಕೇಳ್ರಿ."

ತಂದವನು ನೀನು.

ಬಸವರಾಜ ನಿನ್ನ ಮುಖ ನೋಡಿದ, ಆಮೇಲೆ ನನ್ನ ಮುಖ. ತಾಯಿಯನ್ನು ನಂಬಿದ. ಜೊತೆಯಲ್ಲಿ ಶಾಲೆ ಕಲಿತವನಿಗೆ, ಈ ಅಂಗಳದಲ್ಲೇ ನೂರು ಸಲ ಉಂಡವನಿಗೆ "ಕೈ ಮುಗಿತೀನಿ, ಇನ್ನ ನಮ್ಮನಿ ಕಡೆ ಬರಬ್ಯಾಡ" ಎಂದ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಮೆಲ್ಲಗೆ "ಅವರ ಮಂದೀನ ಹಂಗ" ಎಂದದ್ದು ನನ್ನ ಕಿವಿಗೆ ಬಿತ್ತು. ನಿನಗೂ ಬಿದ್ದಿರಬೇಕು. ಆ ಮಾತು ನನಗೆ ಅನುಕೂಲವಾಯಿತು. ಹೌದು, ಅನುಕೂಲವಾಯಿತು. ಇನ್ನು ಯಾರೂ ಶೆಡ್ಡಿನ ಕಡೆ ನೋಡುವುದಿಲ್ಲವೆಂದು ಸಮಾಧಾನವಾಯಿತು. ನಾನು ಎಂಥವಳೆಂದು ಆ ದಿನ ನಾನೇ ಕಂಡೆ.

ಗ್ಲಾಸನ್ನು ಕಟ್ಟೆಯ ಮೇಲಿಟ್ಟು ನೀನು ನಡೆದುಕೊಂಡೇ ಹೋದೆ.

ಆಮೇಲಿನದು ಶಿರಸಿಗೆಲ್ಲ ಗೊತ್ತು. ನೀರ್ ಇಕ್ಬಾಲ್ ಎಂಬ ಹೆಸರು ಬಿತ್ತು. ಗ್ಯಾರೇಜಿಗೆ ಗಾಡಿ ಬರುವುದು ನಿಂತಿತು. ನೀನು ಬಾಗಿಲು ಹಾಕಿ ಯಲ್ಲಾಪುರಕ್ಕೆ ಹೋದೆ ಎಂದರು. ಅಲ್ಲಿ ಹೊಟ್ಟೆ ತುಂಬ ಉಣ್ಣುತ್ತಿರುತ್ತಾನೆ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಹೋದ ವಾರ ಬಳೆ ಅಂಗಡಿಗೆ ಹೋದರೆ ಅಲ್ಲಿ ಬಳೆ ತೊಡಿಸುವವಳು ನಿನ್ನ ಅಕ್ಕ. ಗಂಡ ಹೋದ ಮೇಲೂ ನಾನು ಬಳೆ ಬಿಟ್ಟವಳಲ್ಲ. ನನ್ನ ಕೈಗೆ ಬಳೆ ಏರಿಸುತ್ತ ಹೇಳಿದಳು: "ಲಾರಿ ಗ್ಯಾರೇಜಿನಾಗ ಕೂಲಿ ಕೆಲಸಾ ಮಾಡ್ತಾನ್ರಿ ಅಮ್ಮಾ. ಡೀಸೆಲ್ ತರಾಕ ಅವನೊಬ್ಬನ್ನ ಕಳಸಂಗಿಲ್ಲಂತ, ಜೋಡಿಗೆ ಒಬ್ಬನ್ನ ಕಾವಲಿಗೆ ಕಳಸ್ತಾರಂತ." ಅವಳು ಅಳಲಿಲ್ಲ. ನನ್ನ ಮೇಲೆ ಅನುಮಾನವೂ ಇಲ್ಲ. ಬಳೆ ಒಡೆಯದ ಹಾಗೆ ಮೆತ್ತಗೆ ಏರಿಸಿದಳು. ಅವಳ ಕೈಯಿಂದ ನನ್ನ ಕೈ ಬಿಡಿಸಿಕೊಂಡು ಬಂದೆ.

ಅದೇ ದಿನ ಮಗನಿಗೆ ಹೇಳಿದೆ. ಅವನು ಮೊದಲು ಎದ್ದು ಬೀದಿ ಬಾಗಿಲು ಮುಚ್ಚಿ ಬಂದ. ಆಮೇಲೆ, "ಆಗಿದ್ದು ಆಗಿ ಹೋತು. ಈಗ್ಯಾಕ ಕೆದರತಿ ಯವ್ವಾ? ಮಂದ್ಯಾಗ ನನ್ನ ಮಾರಿ ಏನಾಗಬೇಕು?" ಎಂದ.

"ನಿನ್ನ ಮಾರಿ ತೊಳಕೊಂಡ್ರ ಹೋಗ್ತೈತಿ. ಅಂವಂದು ಎರಡು ವರ್ಷಾತು, ಹೋಗವಲ್ದು" ಎಂದೆ. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಬಿಡಲಿ. ನಿನ್ನನ್ನು ಒಂದು ಮಾತೂ ತಿರುಗಿ ಕೇಳದೆ ಅಂಗಳದಿಂದ ಅಟ್ಟಿದವನು ಅವನೂ ಅಲ್ಲವೇ.

ಸೋಮವಾರ ಟೆಂಪೋ ಸ್ಟ್ಯಾಂಡಿಗೆ ಹೋದೆ. ಆ ನಾಲ್ವರಲ್ಲಿ ಮೂವರಿದ್ದರು. ನಿಂತು, ಗಟ್ಟಿಯಾಗಿ ಎಲ್ಲ ಹೇಳಿದೆ. ನಂಬಲಿಲ್ಲ! "ಅಜ್ಜಿ, ಬಿಸಿಲಾಗ ಬಂದೀ, ಕೂಡು, ನೀರು ಕುಡಿ" ಎಂದ ಒಬ್ಬ. "ಅವರಕ್ಕ ಬಂದು ಅತ್ತಿರಬೇಕು, ಇದಕ್ಕ ಕನಿಕರ ಹುಟ್ಟೈತಿ" ಎಂದ ಇನ್ನೊಬ್ಬ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬ ಹಾಗೆ. ಒಂದು ಸುಳ್ಳನ್ನು ಈ ಗಂಡಸರು ಒಂದು ಗ್ಲಾಸು ನೋಡಿ ನಂಬಿದರು. ನಿಜಕ್ಕೆ ಮಾತ್ರ ಸಾಕ್ಷಿ ಬೇಕಂತೆ. ಮೈ ಉರಿದು ಹೋಯಿತು. ಆದರೆ ಅವರನ್ನು ಬಯ್ಯಲು ನನಗೆ ಯಾವ ಬಾಯಿ ಇದೆ? ಆ ಸುಳ್ಳನ್ನು ಅವರ ಕೈಗೆ ಕೊಟ್ಟವಳೇ ನಾನು.

ಅದಕ್ಕೇ ಬರೆದೆ. ಇದನ್ನು ಪೋಸ್ಟಿಗೆ ಹಾಕುವುದಿಲ್ಲ. ನನ್ನ ಅಕ್ಷರ ನನಗೊಬ್ಬಳಿಗೇ ಓದಲು ಬರುತ್ತದೆ. ಶುಕ್ರವಾರ ಯಲ್ಲಾಪುರದ ಬಸ್ಸು ಹತ್ತುತ್ತೇನೆ. ನಿನ್ನ ಧಣಿಯನ್ನು ಕರೆಸು, ಕಾವಲಿಗೆ ಬರುವವನನ್ನೂ ಕರೆಸು, ಎಲ್ಲರೂ ಕೈಯಲ್ಲಿನ ಕೆಲಸ ಬಿಟ್ಟು ನಿಲ್ಲಲಿ. ನಾನು ಓದುತ್ತೇನೆ. ನಂಬದಿದ್ದರೆ ಇನ್ನೊಂದು ಸಲ ಓದುತ್ತೇನೆ. ನೀನು ನನ್ನನ್ನು ಅಮ್ಮಾ ಎನ್ನಬೇಡ, ಕೂಡ್ರಿ ಎಂದೂ ಅನ್ನಬೇಡ. ನಾನು ನಿಂತೇ ಓದುವವಳು.