ಮಲತಾಯಿ ಪಾರ್ಟಿನ ನನ್ನ ಚಿಕ್ಕವ್ವ

ನನ್ನ ಚಿಕ್ಕವ್ವನಿಗೆ ಹುಬ್ಬುಗಳಿರಲಿಲ್ಲ. ನಾಟಕದಲ್ಲಿ ಚೇಳಿನ ಕೊಂಡಿಯಂಥ ಹುಬ್ಬು ಬರೆದುಕೊಳ್ಳಬೇಕಿದ್ದರಿಂದ ಸ್ವಂತದ್ದನ್ನು ಬೋಳಿಸಿಕೊಂಡಿದ್ದಳು. ಬಣ್ಣವಿಲ್ಲದ ಆ ಮುಖ ಕಂಡರೆ ಬೆಟಗೇರಿಯ ನಮ್ಮ ಓಣಿಯ ಕೂಸುಗಳು ಅಳುತ್ತಿದ್ದವು.

ಅಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ಅವ್ವ ತೀರಿಕೊಂಡ ಮೇಲೆ, ಸ್ವಾತಂತ್ರ್ಯ ಬಂದ ವರ್ಷವೇ, ಅದೇ ಕಂಪನಿಯಲ್ಲಿ ಮಲತಾಯಿ ಪಾರ್ಟು ಮಾಡುವವಳನ್ನು ಮದುವೆಯಾಗಿ ಕರೆತಂದ. ಅಜ್ಜಿ ಹೇಳುತ್ತಿದ್ದ ಕತೆಯೇ ಆ ನಾಟಕ. ಮಲತಾಯಿ ಹಾಲಿನಲ್ಲಿ ವಿಷ ಹಾಕಿ ಮಲಮಗಳನ್ನು ಕೊಲ್ಲುತ್ತಾಳೆ, ಹೆಣ ನೋಡಿ ಗಹಗಹಿಸಿ ನಗುತ್ತಾಳೆ. ಹುಡುಗಿ ದೇವರ ದಯೆಯಿಂದ ಬದುಕಿ ಬಂದಾಗ ರಾಜ ಮಲತಾಯಿಯನ್ನು ಉರಿಯುವ ಸುಣ್ಣದ ಗೂಡಿಗೆ ನೂಕಿಸುತ್ತಾನೆ.

"ಆಕಿ ಕೈಯಾಗಿನ ಹಾಲು ಕುಡೀಬ್ಯಾಡ," ಎಂದು ಓಣಿಯ ಹೆಂಗಸರು ನನ್ನ ಕಿವಿಯಲ್ಲಿ ಊದಿದರು. ನಾನು ಲೋಟ ಮುಟ್ಟದೆ ಕೂತದ್ದನ್ನು ನೋಡಿ ಚಿಕ್ಕವ್ವ ತಾನೇ ಒಂದು ಗುಟುಕು ಕುಡಿದು ಮುಂದಿಟ್ಟಳು.

"ಕುಡಿ. ಸತ್ರ ಇಬ್ರೂ ಸಾಯೂಣು."

ಆಮೇಲೆ ಮಲಮಗಳ ಪಾರ್ಟು ನನಗೇ ಬಂತು. ಕೂದಲು ಹಿಡಿದು ಎಳೆಯುವ ದೃಶ್ಯದಲ್ಲಿ ಆಕೆ ಹೆಬ್ಬೆರಳಿನಿಂದ ನನ್ನ ನೆತ್ತಿ ಒತ್ತಿ ಹಿಡಿದು, ನೋವಾಗದಂತೆ ಎಳೆಯುತ್ತಿದ್ದಳು. ಜನ ಹಲ್ಲು ಕಡಿಯುತ್ತಿದ್ದರು. ಲಕ್ಷ್ಮೇಶ್ವರದಲ್ಲಿ ಒಬ್ಬಾಕೆ ರಂಗದ ಮೇಲೇ ಹತ್ತಿ ಬಂದು ಆಕೆಯ ಮುಖಕ್ಕೆ ಉಗುಳಿದಳು. "ಪಾರ್ಟು ಛಲೋ ಆಗೇತಿ ಅಂದಂಗಾತು," ಎಂದು ಚಿಕ್ಕವ್ವ ಒರೆಸಿಕೊಂಡಳು.

ಮುಂಡರಗಿ ಕ್ಯಾಂಪಿನಲ್ಲಿ ಆಕೆಯ ಕೂಸಿಗೆ, ಇನ್ನೂ ಅಂಬೆಗಾಲಿಡುತ್ತಿದ್ದ ನನ್ನ ತಮ್ಮನಿಗೆ, ವಾಂತಿಭೇದಿ ಹಿಡಿಯಿತು. "ಇವತ್ತೊಂದಿನ ಬಿಡ್ರಿ," ಎಂದು ಮಾಲಕರ ಕಾಲು ಹಿಡಿದಳು. ಟಿಕೆಟ್ಟು ಹರಿದಾಗಿತ್ತು, ಬಿಡಲಿಲ್ಲ. ಕೂಸನ್ನು ಕಂಪನಿಯ ಅಡುಗೆಯವಳ ಮಡಿಲಿಗೆ ಹಾಕಿ ಬಣ್ಣ ಹಚ್ಚಿಕೊಂಡಳು.

ನಾನು ವಿಷ ಕುಡಿದು ಸತ್ತು ಬಿದ್ದಿದ್ದೆ. ಅಷ್ಟರಲ್ಲಿ ಅಡುಗೆಯವಳು ಬರಿಗೈಯಲ್ಲಿ ಪರದೆಯ ಪಕ್ಕಕ್ಕೆ ಬಂದು ನಿಂತಳು. ಚಿಕ್ಕವ್ವ ಅತ್ತ ನೋಡಿದಳು. ಅಡುಗೆಯವಳು ತಲೆ ಅಲ್ಲಾಡಿಸಿದಳು.

ನಗಬೇಕಾದ ಜಾಗದಲ್ಲಿ ಚಿಕ್ಕವ್ವ ಕುಸಿದಳು. ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು, "ಏಳೋ ನನ್ನಪ್ಪಾ, ಏಳೋ," ಎಂದು ಬೊಬ್ಬಿಟ್ಟಳು. ಯಾರನ್ನು ಕರೆಯುತ್ತಿದ್ದಾಳೆಂದು ನನಗೆ ತಿಳಿಯಿತು. ಕಣ್ಣು ಬಿಗಿಹಿಡಿದು ಸತ್ತಂತೆಯೇ ಬಿದ್ದಿದ್ದೆ. ಏನೂ ತಿಳಿಯದ ಅಪ್ಪ ಹಾರ್ಮೋನಿಯಂ ನುಡಿಸುತ್ತಲೇ ಇದ್ದ.

ಜನಕ್ಕೆ ಸಿಟ್ಟು ಬಂತು. "ಕೊಂದಾಕಿ ಅಳತಾಳೇನಲೇ? ನಗು, ನಗು!" ಚಪ್ಪಲಿಗಳು ಬಂದು ಬಿದ್ದವು. ಒಳಗಿನಿಂದ ಮಾಲಕರು, "ನಗವಾ, ಇಲ್ಲಾಂದ್ರ ಥೇಟರ್ ಸುಡತಾರ," ಎಂದರು. ಆಕೆ ನನ್ನ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಎದ್ದು ನಿಂತು ನಕ್ಕಳು. ಉಸಿರು ಕಟ್ಟುವತನಕ ನಕ್ಕಳು. ಚಪ್ಪಾಳೆ ನಿಲ್ಲಲೇ ಇಲ್ಲ.

ಕೂಸನ್ನು ಮಣ್ಣು ಮಾಡಿದ ದಿನವೇ ನನ್ನ ಕೈ ಹಿಡಿದು ಕಂಪನಿ ಬಿಟ್ಟಳು. ಅಪ್ಪ ಅಡ್ಡ ನಿಂತ. "ಈಕಿ ಮುಖಕ್ಕ ಇನ್ನೊಮ್ಮಿ ಬಣ್ಣ ಹಚ್ಚಿದ್ರ ನಾ ಖರೇನ ರಾಕ್ಷಸಿ ಆಗತೀನಿ," ಎಂದಳು. ಅಪ್ಪ ಕಂಪನಿಯಲ್ಲೇ ಉಳಿದ. ಆಕೆ ಬೆಟಗೇರಿಯ ನೇಕಾರರಿಗೆ ನೂಲು ಸುತ್ತಿಕೊಟ್ಟು ನನ್ನನ್ನು ಓದಿಸಿದಳು. ಮಗ ಸತ್ತಾಗ ನಕ್ಕವಳು ಎಂಬ ಮಾತು ಆಕೆಗಿಂತ ಮೊದಲೇ ಊರು ಸೇರಿತ್ತು. ಕೂಸುಗಳನ್ನು ಒಳಗೆ ಕಳಿಸಿಯೇ ನೂಲು ಕೊಡುತ್ತಿದ್ದರು.

ಮುಂದೆ ಆ ಕತೆ ಸಿನಿಮಾ ಆಗಿ ಗದಗಿನ ಟೆಂಟಿಗೆ ಬಂತು. ಪರದೆಯ ಮಲತಾಯಿಗೆ ಕೋರೆಹಲ್ಲು ಇಟ್ಟಿದ್ದರು. "ನಮಗ ಹಲ್ಲ ಬೇಕಾಗಿದ್ದಿಲ್ಲ," ಎಂದಷ್ಟೇ ಚಿಕ್ಕವ್ವ ಹೇಳಿದಳು.

ನಾನು ಡಂಬಳದ ಶಾಲೆಗೆ ಅಕ್ಕೋರಾಗಿ ಸೇರಿದಾಗ ಮಕ್ಕಳ ಕತೆಪುಸ್ತಕದಲ್ಲಿಯೂ ಅದೇ ಕತೆ ಸಿಕ್ಕಿತು. ತಂದು ಚಿಕ್ಕವ್ವನಿಗೆ ಓದಿ ಹೇಳಿದೆ.

"ಪುಸ್ತಕದಾಗ ಆಕಿಗೆ ಹೆಸರು ಐತೇನು?"

"ಇಲ್ಲವಾ. ಮಲತಾಯಿ ಅಂತ ಅಷ್ಟ."

"ನಾಟಕದಾಗೂ ಇದ್ದಿಲ್ಲ," ಎಂದು ನೂಲಿನ ಕಡೆ ತಿರುಗಿದಳು.

ಕನ್ನಡ ನಾಡು ಒಂದಾದ ಮರುವರ್ಷ ಆಕೆ ತೀರಿಹೋದಳು. ಅಪ್ಪನ ಕಂಪನಿ ಯಾವ ಊರಲ್ಲಿದೆಯೋ ತಿಳಿಯದು. ಕುಣಿಯ ಹತ್ತಿರ ನಿಂತ ಹಿರಿಯರು, "ಸ್ವಂತದವರು ಯಾರದೀರಿ? ಮದಲ ಮಣ್ಣು ಹಾಕ್ರಿ," ಎಂದರು. ನಾನು ಮುಂದೆ ಬಂದೆ.

"ಮಲಮಗಳು ಹಾಕಿದ್ರ ನಡೀತೈತೇನು?" ಹಿಂದಿನಿಂದ ಯಾರೋ ಕೇಳಿದರು.

ನಾನು ಬಗ್ಗಿ ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡೆ.